ಬ್ರಿಟಿಷರ ಕಾಲದಾಗ ಬಳ್ಳಾರಿ ಕಡೆ ಕೆರೆಗಳು ಹಾಳಾಗಿದ್ದು ಹೆಂಗ? ವಿಜಯನಗರ ರಾಯರ ಕಾಲದ ಕಾಲುವೆ ಮಾತ್ರ ಉಳಿದಿದ್ದು ಯಾಕ?

ಪ್ರಶ್ನೆ ಕೇಳಿದವರು: ಕುಡತಿನಿ ಹುಡುಗ

ಎಲ್ರಿಗೂ ನಮಸ್ಕಾರ. ನಮ್ಮೂರು ಕುಡತಿನಿ ಹತ್ರ. ಊರ ಮೂಡಲಕ್ಕ ಒಂದು ಹಳೇ ಕೆರೆ ಐತೆ, ಒಳಗ ಈಗ ಬರೀ ಜಾಲಿ ಗಿಡ, ಆದ್ರೆ ಏರಿ ಇನ್ನೂ ಗಟ್ಟಿ ಐತೆ, ತೂಬಿನ ಎರಡು ಕಲ್ಲು ಕಂಬ ಹಂಗೇ ನಿಂತಾವ, ಅದರ ಅಡ್ಡಗಲ್ಲಿನಾಗ ಗೂಟ ಇಳಿಸೋ ತೂತು ಸಹ ಕಾಣ್ತೈತೆ. ನೀರು ಬರೋ ಹಳ್ಳದ ದಾರಿನೇ ಮುಚ್ಚಿ ಹೋಗೈತೆ. ಇಲ್ಲಿಂದ ಹೊಸಪೇಟೆ ಕಡೆ ಹೋದ್ರೆ ಅಷ್ಟೇ ಹಳೇ ಕಾಲದ ಕಾಲುವೆನಾಗ ಇವತ್ತಿಗೂ ನೀರು ಹರೀತೈತೆ, ಬಾಳೆ, ಕಬ್ಬು, ಭತ್ತ ಎಲ್ಲ ಬೆಳೀತಾರ.

ನಮ್ಮ ಊರಿನ ವಾಟ್ಸಾಪ್ ಗ್ರೂಪ್‌ನಾಗ ಇದರ ಮೇಲೆ ದೊಡ್ಡ ಜಗಳ ಆತು. ಒಬ್ರು ಬ್ರಿಟಿಷರೇ ಕೆರೆ ಎಲ್ಲ ಹಾಳು ಮಾಡಿದ್ರು ಅಂತಾರ, ಇನ್ನೊಬ್ರು ಇಲ್ಲಪ್ಪ ನೀರಾವರಿ ಇಲಾಖೆ ಅಂತ ಮಾಡಿದ್ದೇ ಅವ್ರು, ತುಂಗಭದ್ರಾ ಡ್ಯಾಮ್ ಪ್ಲ್ಯಾನ್ ಸಹ ಅವ್ರದೇ ಅಂತಾರ. 1800ರಿಂದ 1947ರ ತನಕ ನಮ್ಮ ಜಿಲ್ಲೆ ನೀರಿನ ಕಥೆ ಏನು ನಡೀತು ಅಂತ ತಿಳಿದೋರು ಸ್ವಲ್ಪ ಬಿಡಿಸಿ ಹೇಳ್ರಿ. ತುಂಗಭದ್ರೆ ಆಚೆ ದಂಡಿ ನಿಜಾಮನ ಕೈಯಾಗಿತ್ತಲ್ಲ, ಅಲ್ಲಿ ಬೇರೆ ಥರ ಇತ್ತಾ ಅನ್ನೋದೂ ಬೇಕು.

ಉತ್ತರ: ಏರಿ ಮೇಲಿನ ಹುಣಸೆ

ತಮ್ಮಾ, ಕೇಳಿದ್ದು ಒಳ್ಳೇದಾತು, ಉದ್ದ ಆಗ್ತೈತೆ ಆದ್ರೂ ಓದು.

ಈಸ್ಟ್ ಇಂಡಿಯಾ ಕಂಪನಿ ಬರೋಕ್ಕಿಂತ ಮುಂಚೆ ಕೆರೆ ಹೆಂಗ ನಡೀತಿತ್ತು ಅನ್ನೋದನ್ನ ಮೊದಲು ತಿಳ್ಕೋಬೇಕು. ನಮ್ಮ ಕಡೆ ಕೆರೆ ಕಟ್ಟಿಸಿದೋನಿಗೋ, ಒಡೆದಿದ್ದನ್ನ ಸರಿ ಮಾಡಿಸಿದೋನಿಗೋ ದಸವಂದ ಅಂತ ಇನಾಂ ಕೊಡ್ತಿದ್ರು. ಇದ್ರಾಗ ಎರಡು ಥರ ಇತ್ತು, ಒಂದು, ಇಂಥ ಹೊಲ ನಿನ್ನದು ಅಂತ ಗುರ್ತು ಮಾಡಿ ಕೊಡೋದು, ಇನ್ನೊಂದು, ಆ ಕೆರೆ ಕೆಳಗಿನ ತರಿ (ನೀರಾವರಿ) ಜಮೀನಿನ ಕಂದಾಯದಾಗ ಒಂದು ಪಾಲು ಕೊಡೋದು. ಕೆರೆ ತುಂಬಿದ್ರೆ ಬೆಳೆ, ಬೆಳೆ ಬಂದ್ರೆ ಅವನ ಪಾಲು, ಏರಿ ಕುಸಿದ್ರೆ ಅವನಿಗೂ ಲುಕ್ಸಾನು. ಹೊಲಗಳಿಗೆ ನೀರು ಬಿಡೋ ನೀರುಗಂಟಿಗೂ ಊರಿಂದ ಆಯ, ಅಂದ್ರೆ ಬೆಳೆಯಾಗ ಪಾಲು, ಇತ್ತು. ಹೂಳು ತೆಗೆಯೋದು, ಏರಿ ಮೇಲಿನ ಗಿಡ ಕೀಳೋದು, ತೂಬಿನ ಬಾಯಿ ಬಿಡಿಸೋದು, ಇವಕ್ಕೆಲ್ಲ ಕಚೇರಿಗೆ ಅರ್ಜಿ ಕೊಟ್ಟು ಕಾಯೋ ಕೆಲಸ ಇರ್ಲಿಲ್ಲ. ಎಲ್ಲ ಊರಾಗೂ ಚೆನ್ನಾಗೇ ನಡೀತಿತ್ತು ಅಂತ ನಾನು ಹೇಳಲ್ಲ, ಪಾಳೇಗಾರರ ಜಗಳದಾಗ, ಮರಾಠರು, ಹೈದರ್, ಟಿಪ್ಪು, ನಿಜಾಮ ಇವ್ರ ದಂಡು ಓಡಾಡಿದ್ದಕ್ಕ ಬಹಳ ಕೆರೆ 1800ಕ್ಕೂ ಮುಂಚೆನೇ ಒಡೆದಿದ್ವು. ಆದ್ರೆ ಒಡೆದಿದ್ದನ್ನ ಕಟ್ಟೋಕೆ ಒಂದು ದಾರಿ ಇತ್ತು.

1800ರಾಗ ನಿಜಾಮ, ಕಂಪನಿ ಸೈನ್ಯ ಇಟ್ಕೊಂಡ ಖರ್ಚಿಗೆ ಅಂತ ಬಳ್ಳಾರಿ, ಕಡಪ ಸೀಮೆನ ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ 1807ರ ತನಕ ಇಲ್ಲಿ ಕಲೆಕ್ಟರ್ ಆಗಿದ್ದ. ಪಾಳೇಗಾರರನ್ನ ಇಳಿಸಿ, ಹೊಲ ಹೊಲ ಅಳೆಸಿ ರೈತನಿಂದ ನೇರ ಕಂದಾಯ ಕಟ್ಟಿಸ್ಕೊಳ್ಳೋ ರೈತವಾರಿ ಪದ್ಧತಿ ತಂದ. ಕಂದಾಯ ಭಾರಿ ಇತ್ತು, ಇದು ಅವನಿಗೂ ಗೊತ್ತಿತ್ತು, ಹೋಗೋ ವರ್ಷ 1807ರಾಗ ಅವನೇ ಮೇಲಿನೋರಿಗೆ ಬರೆದಿದ್ದು ಏನಂದ್ರೆ, ಎಲ್ಲ ಜಮೀನಿಗೂ ನೂರಕ್ಕ 25 ಇಳಿಸ್ರಿ, ಬಾವಿ ನೀರಿನ ಜಮೀನಿಗೆ, ಹಳ್ಳದಿಂದ ನೀರೆತ್ತೋ ಜಮೀನಿಗೆ ಇನ್ನೂ 8 ಸೇರಿಸಿ 33 ಇಳಿಸ್ರಿ, ಆದ್ರೆ ಬಾವಿ ಒಡ್ಡು ರಿಪೇರಿ ರೈತನೇ ಮಾಡ್ಕೊಬೇಕು, ಸಣ್ಣ ಕೆರೆ ಕೆಳಗಿನೋರು ರಿಪೇರಿ ಖರ್ಚು ಹೊತ್ಕೊಂಡ್ರೆ ಅವರಿಗೂ ಅಷ್ಟೇ ಇಳಿಸ್ರಿ ಅಂತ. ಅಂದ್ರೆ ರಿಪೇರಿ ಮಾಡೋನ ಕೈಯಾಗ ದುಡ್ಡು ಉಳೀಬೇಕು ಅನ್ನೋ ತಿಳುವಳಿಕೆ ಆ ಮನುಷ್ಯಗೆ ಇತ್ತು. ಮೇಲಿನೋರು ಒಪ್ಪಲಿಲ್ಲ. ಅದರ ಬದ್ಲಿ ಊರಿಗೆ ಊರೇ ಗುತ್ತಿಗೆ ಕೊಟ್ರು, ಮೊದಲು ಮೂರು ವರ್ಷಕ್ಕ, ಆಮೇಲೆ ಹತ್ತು ವರ್ಷಕ್ಕ. ಗುತ್ತಿಗೆ ಹಿಡಿದೋನು ಕೆರೆ ಹೂಳು ಯಾಕ ತೆಗೆಸ್ತಾನ? ಅವನ ಅವಧಿ ಮುಗಿಯೋದ್ರೊಳಗ ಎಷ್ಟು ಹಿಂಡ್ಬೋದೋ ಅಷ್ಟು ಹಿಂಡಿದ. ಮನ್ರೋ ಗವರ್ನರ್ ಆಗಿ ವಾಪಸ್ ಬಂದ ಮೇಲೆ 1820ರಿಂದ ರೈತವಾರಿ ಮತ್ತೆ ಶುರು ಆತು, ಕಂದಾಯನೂ ಇಳೀತು, ಆದ್ರೆ ಆ ಗುತ್ತಿಗೆ ವರ್ಷಗಳಾಗ ಊರುಗಳು ಸೊರಗಿ ಹೋಗಿದ್ವು.

ನನ್ನ ಲೆಕ್ಕದಾಗ ಮೂಲ ತಪ್ಪು ಇಲ್ಲೇ ಐತೆ. ಕೆರೆಯಿಂದ ಬರೋ ದುಡ್ಡೆಲ್ಲ ಸರ್ಕಾರಕ್ಕ, ಕೆರೆ ಕಾಯೋ ಕೆಲಸ ಮಾತ್ರ ಊರಿಗೆ. ಇದನ್ನ ಕಾನೂನೇ ಮಾಡಿದ್ರು, 1858ರ ಮದ್ರಾಸ್ ಕಡ್ಡಾಯ ದುಡಿಮೆ ಕಾಯ್ದೆ ಅಂತ. ಏರಿ ಒಡೆಯೋ ಹಂಗಾದ್ರೆ ಊರಿನ ಆಳುಗಳನ್ನ ಒತ್ತಾಯದಿಂದ ಕರ್ಕೊಂಡು ಹೋಗ್ಬೋದು, ರೂಢಿ ಪ್ರಕಾರ ಮಾಡ್ಬೇಕಾದ ಕೆರೆ ಕೆಲಸ ಮಾಡ್ಲಿಲ್ಲ ಅಂದ್ರೆ ಆ ಕೂಲಿಯ ಎರಡು ಪಟ್ಟು ವಸೂಲಿ. ಅದೇ ವರ್ಷದಿಂದ ಇನಾಂ ಕಮಿಷನ್ನು ಊರೂರಿನ ಇನಾಂ ಕಾಗದ ತೆಗೆಸಿ ನೋಡೋಕೆ ಹತ್ತಿತು, ಊರ ಚಾಕರಿಗೆ ಅಂತ ಬಿಟ್ಟಿದ್ದ ಜಮೀನಿಗೆ ಆಮೇಲೆ ಒಂದಿಷ್ಟು ಕಂದಾಯ ಹಾಕಿ ಸ್ವಂತ ಆಸ್ತಿ ಮಾಡಿಕೊಟ್ಟಿದ್ದು ಬಹಳ. ಜಮೀನು ಉಳೀತು, ಚಾಕರಿ ಹೋಯ್ತು. ರೂಢಿ ಹುಟ್ಟಿದ್ದೇ ಆ ಆಯ, ಇನಾಂ ಮೇಲೆ, ಅದನ್ನ ಕಿತ್ತು ರೂಢಿ ಮಾತ್ರ ಇಟ್ಕೊಂಡ್ರೆ ಯಾರು ಮಾಡ್ತಾರ ಹೇಳು.

ಇನ್ನೊಂದು, ನಮ್ಮ ಕೆರೆಗಳು ಒಂಟಿ ಅಲ್ಲ, ಸಾಲು. ಮೇಲಿನ ಕೆರೆ ಕೋಡಿ ಬಿದ್ದ ನೀರೇ ಕೆಳಗಿನ ಕೆರೆಗೆ ಬರೋದು. ಮೇಲಿಂದು ಒಡೆದ್ರೆ ಆ ನೀರೆಲ್ಲ ಒಮ್ಮೆಲೇ ನುಗ್ಗಿ ಕೆಳಗಿಂದೂ ಒಡೀತೈತೆ. 1851ರ ಬಿರುಮಳೆಗೆ ಬಳ್ಳಾರಿ ಜಿಲ್ಲೆಯಾಗ ಹಿಂಗೇ ಬಹಳ ಕೆರೆ ಹೋದ್ವು, ಅದನ್ನ ಕಟ್ಟಿ ಸುಧಾರಿಸ್ಕೊಳ್ಳೋಕ್ಕಿಂತ ಮುಂಚೆನೇ 1854ರ ಬರ ಬಂತು. ನಿಮ್ಮೂರಿನ ಕೆರೆ ಏರಿ ಗಟ್ಟಿ ಇದ್ದು ನೀರಿನ ದಾರಿ ಮುಚ್ಚೈತೆ ಅಂದ್ರೆ ಮೇಲಿನ ಕೆರೆಗೆ ಏನಾಗೈತೆ ಮೊದಲು ಅದನ್ನ ನೋಡ್ರಿ.

ಉತ್ತರ: ಕಾಲುವೆ ಕೆಳಗಿನ ಗದ್ದೆ, ಹೊಸಪೇಟೆ

ಮೇಲಿನ ಅಣ್ಣ ಕೆರೆ ವಿಷಯ ಹೇಳ್ಯಾರ, ನಾನು ಕಾಲುವೆ ಬಗ್ಗೆ ಹೇಳ್ತೀನಿ.

ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆ, ಬೆಲ್ಲ ಕಾಲುವೆ, ಕಂಪ್ಲಿ ಕಾಲುವೆ, ಆಚೆ ದಂಡೆಗೆ ಆನೆಗೊಂದಿ, ಗಂಗಾವತಿ ಕಾಲುವೆ, ಇವೆಲ್ಲ ನದಿ ನೀರಿನವು, ಮಳೆ ನಮ್ಮೂರಾಗ ಬರ್ಲಿ ಬಿಡ್ಲಿ ಮಲೆನಾಡಾಗ ಬಿದ್ರೆ ಸಾಕು. ಹಳೇ ಅಣೆಕಟ್ಟು ನೋಡಿದ್ರೆ ಗೊತ್ತಾಗ್ತೈತೆ, ಹೊಳೆನ ಪೂರ್ತಿ ತಡೆದಿಲ್ಲ, ಹೊಳೆಯಾಗ ಮೊದಲೇ ಇದ್ದ ದೊಡ್ಡ ಬಂಡೆಗಳ ನಡುವಿನ ಸಂದಿಗೆ ಕಲ್ಲು ಪೇರಿಸಿ ನೀರನ್ನ ಒಂದಿಷ್ಟು ಮೇಲಕ್ಕ ಎತ್ತಿ ಕಾಲುವೆ ಬಾಯಿಗೆ ತಿರುಗಿಸ್ಯಾರ, ಉಳಿದ ನೀರು ಮೇಲಿಂದ ಹಾರಿ ಹೋಗ್ತೈತೆ. ಪ್ರವಾಹ ಬಂದ್ರೂ ಎಲ್ಲೋ ನಾಲ್ಕು ಕಲ್ಲು ಉರುಳ್ತಾವ ಅಷ್ಟೇ, ಮತ್ತೆ ಎತ್ತಿ ಇಟ್ರೆ ಆತು. ಕೆರೆ ಏರಿ ಹಂಗಲ್ಲ, ಮಣ್ಣಿಂದು, ಒಂದ್ಸಲ ಹೋದ್ರೆ ಹೋದಂಗೇ.

ಇದರ ಜೊತಿಗೆ ಆದಾಯ. ಕಂಪನಿಯೋರಿಗೆ ಈ ಕಾಲುವೆಗಳು ಒಂದು ಪೈಸೆ ಬಂಡವಾಳ ಇಲ್ದೆ ಸಿಕ್ಕಿದ್ವು, ಕೆಳಗಿನದೆಲ್ಲ ತರಿ ಜಮೀನು, ಕಬ್ಬು ಬಾಳೆ ಭತ್ತದ ಕಂದಾಯ, ಜೋಳದ ಹೊಲದ ಕಂದಾಯಕ್ಕ ಹೋಲಿಸಿದ್ರೆ ಎಷ್ಟೋ ಜಾಸ್ತಿ. ಹಂಗಾಗಿ ವರ್ಷ ವರ್ಷ ರಿಪೇರಿಗೆ ದುಡ್ಡು ಬಿಡ್ತಿದ್ರು. ಕೂಡ್ಲಿಗಿ ಕಡೆ ಒಂದು ಸಣ್ಣ ಕೆರೆ ಕೆಳಗೆ ಹತ್ತಿಪ್ಪತ್ತು ಎಕ್ರೆ ಇದ್ರೆ ಅದಕ್ಕ ಖರ್ಚು ಮಾಡಿದ್ರೆ ವಾಪಸ್ ಬರಲ್ಲ ಅಂತ ಬಿಟ್ರು. ಯಾವುದು ಉಳೀತು, ಯಾವುದು ಹಾಳಾತು ಅಂತ ನೋಡಿದ್ರೆ ಅರ್ಧ ಉತ್ತರ ಕಂದಾಯದ ಪುಸ್ತಕದಾಗೇ ಐತೆ. ಕೃಷ್ಣದೇವರಾಯ ಹೊಸಪೇಟೆ ಹತ್ರ ಎರಡು ಗುಡ್ಡದ ನಡುವೆ ಕಟ್ಟಿಸಿದ ದೊಡ್ಡ ಕೆರೆ ಏರಿ ಮೇಲೆ ಇವತ್ತು ರೋಡ್ ಐತೆ, ಆ ಕಾಲಕ್ಕ ಬಂದಿದ್ದ ಪೋರ್ಚುಗೀಸ್ ಪಾಯೆಸ್ ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ಕೆಲಸ ಮಾಡೋದನ್ನ ನೋಡಿ ಬರೆದಿಟ್ಟಾನ. ಅಂಥಾ ಕೆರೆನೇ ಉಳೀಲಿಲ್ಲ.

ಉತ್ತರ: ದೋಆಬದಾಂವ, ರಾಯಚೂರು

ನಿಜಾಮನ ಕಡೀದು ಕೇಳೀರಿ. ನಮ್ಮಲ್ಲಿ ಸುಧಾರಣಾ ಬಹಳ ತಡಾ ಆತು ನೋಡ್ರಿ. ಸಾಲಾರ್ ಜಂಗ್ ದಿವಾನ ಆಗಾತನಕ ಕಂದಾಯ ವಸೂಲಿ ಗುತ್ತಿಗಿ ಹಿಡದವ್ರ ಕೈಯಾಗೇ ಇತ್ತು, 1865ರಾಗ ಜಿಲ್ಲಾ, ತಾಲೂಕ ಅಂತ ಮಾಡಿ ಸರಕಾರಿ ನೌಕರರನ್ನ ಇಟ್ರು. ಅಷ್ಟರಾಗ ನಡುವ 1853ರಿಂದ 1860ರ ತನಕ ರಾಯಚೂರು ದೋಆಬ (ಕೃಷ್ಣಾ, ತುಂಗಭದ್ರಾ ನಡುವಿನ ಸೀಮಿ) ಇಂಗ್ಲಿಷರ ಕೈಯಾಗ ಇತ್ತು, ನಿಜಾಮ ಬಾಕಿ ಕೊಡಲಿಲ್ಲ ಅಂತ ಬರಾರದ ಕೂಡ ಇದನ್ನೂ ಹಿಡಕೊಂಡಿದ್ರು, 1857ರ ದಂಗೆ ಮುಗದ ಮ್ಯಾಲೆ ವಾಪಸ್ ಕೊಟ್ರು. ಕೊಪ್ಪಳ ಅಂತೂ ಸಾಲಾರ್ ಜಂಗ್ ಮನೆತನದ ಜಹಗೀರು, ಅಲ್ಲಿ ಕೆರಿ ಬಾವಿ ಮ್ಯಾಲೆ ಖರ್ಚು ಮಾಡೂದು ಬಿಡೂದು ಜಹಗೀರದಾರನ ಮರ್ಜಿ. ಬ್ರಿಟಿಷರಿಲ್ಲದ ಜಾಗ ಅಂತ ನಮ್ಮ ಕೆರಿ ಭಾಳ ಚಂದ ಇದ್ದವು ಅಂತ ತಿಳೀಬ್ಯಾಡ್ರಿ. ದುಡ್ಡು ಮ್ಯಾಲೆ ಹೋಗಿ ಕೆಳಗ ಬರಲಿಲ್ಲ ಅನ್ನೂದು ಎರಡೂ ಕಡಿ ಒಂದೇ.

ಒಬ್ಬ ಅಧಿಕಾರಿ ಮನಸ್ಸು ಮಾಡಿದ್ರ ಏನಾಗ್ತದ ಅನ್ನೂದಕ್ಕ ಸುರಪುರ ನೋಡ್ರಿ. ಅಲ್ಲಿ ಮೆಡೋಸ್ ಟೇಲರ್ 1841ರಿಂದ 1853ರ ತನಕ ಇದ್ದ, ಬೋನಾಳ ಕೆರಿ ದೊಡ್ಡದು ಮಾಡ್ಸಿದ, ಇವತ್ತಿಗೂ ನೀರು ನಿಲ್ತದ, ಹಕ್ಕಿ ಬರ್ತಾವ.

ಮರು ಪ್ರಶ್ನೆ: ಕುಡತಿನಿ ಹುಡುಗ

ಎಷ್ಟು ವಿಷಯ ಸಿಕ್ತು, ಬಹಳ ಖುಷಿ ಆತು. ಧಾತು ಸಂವತ್ಸರದ (1876ರ) ಬರದ ಬಗ್ಗೆ ನಮ್ಮಜ್ಜಿ ಮಾತಾಡ್ತಿದ್ಲು, ಅವರಿಗೆ ಅವರಜ್ಜಿ ಹೇಳಿದ್ದಂತೆ. ಆ ಟೈಮ್‌ನಾಗ ಸರ್ಕಾರ ನೀರಿಗೆ ಏನೂ ಮಾಡ್ಲಿಲ್ವಾ? ಇಂಗ್ಲಿಷ್ ಎಂಜಿನಿಯರ್ ಅರ್ಥರ್ ಕಾಟನ್ ಗೋದಾವರಿ ಕಡೆ ಅಷ್ಟೆಲ್ಲ ಮಾಡಿದ ಅಂತಾರಲ್ಲ, ನಮ್ಮ ತುಂಗಭದ್ರೆಗೆ ಯಾಕ ಮಾಡ್ಲಿಲ್ಲ?

ಉತ್ತರ: ಎರೆಹೊಲ, ಸಿರುಗುಪ್ಪ

ಕಾಟನ್ ಮಾಡೋಕೆ ಹೊರಟಿದ್ದ, ಅದರ ಕಥೆ ಇದು. 1860ರ ಸುಮಾರಿಗೆ ತುಂಗಭದ್ರೆ ನೀರನ್ನ ಈ ಬರದ ಸೀಮೆಗೆ ತಿರುಗಿಸೋ ದೊಡ್ಡ ಯೋಜನೆ ಅವನ ತಲೆಯಾಗಿತ್ತು. ಅದಕ್ಕ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಅಂತ ಲಂಡನ್‌ನಾಗ ಷೇರು ಎತ್ತಿ ಒಂದು ಪ್ರೈವೇಟ್ ಕಂಪನಿ ಆತು, ಹತ್ತು ಲಕ್ಷ ಪೌಂಡ್ ಬಂಡವಾಳಕ್ಕ ನೂರಕ್ಕ 5ರಂತೆ ಬಡ್ಡಿ ಸರ್ಕಾರದ ಗ್ಯಾರಂಟಿ. ಲಾಭ ಬರ್ಲಿ ಬಿಡ್ಲಿ ಷೇರುದಾರನಿಗೆ ಬಡ್ಡಿ, ಆ ಬಡ್ಡಿ ದುಡ್ಡು ನಮ್ಮ ರೈತರ ಕಂದಾಯದ್ದು. ಕೊನೆಗೆ ಆಗಿದ್ದು ಕರ್ನೂಲು ಹತ್ರ ಸುಂಕೇಸುಲ ಅಣೆಕಟ್ಟು, ಕರ್ನೂಲು ಕಡಪ ಕಾಲುವೆ ಅಷ್ಟೇ. ಬಳ್ಳಾರಿಗೆ ಒಂದು ಹನಿ ಬರ್ಲಿಲ್ಲ. ಖರ್ಚು ಮಿತಿಮೀರಿ, ಆದಾಯ ಇಲ್ಲದೆ 1882ರಾಗ ಸರ್ಕಾರನೇ ಕಂಪನಿನ ಕೊಂಡ್ಕೋಬೇಕಾಯ್ತು.

ಆದಾಯ ಯಾಕ ಬರ್ಲಿಲ್ಲ ಅನ್ನೋದು ಎರೆ ಭೂಮಿಯೋರಿಗೆ ಹೇಳ್ಬೇಕಾಗಿಲ್ಲ, ಬೇರೆಯೋರಿಗೆ ಹೇಳ್ತೀನಿ. ನಮ್ಮ ಕರಿ ಎರೆ ಒಂದು ಒಳ್ಳೇ ಮಳೆ ಕುಡಿದ್ರೆ ಆ ಹಸಿ ಮೇಲೇನೇ ಹಿಂಗಾರಿ ಜೋಳ, ಹತ್ತಿ ಬರ್ತೈತೆ, ಇಬ್ಬನಿಗೇ ಕಾಳು ಕಟ್ತೈತೆ. ಅದಕ್ಕ ಕಾಲುವೆ ನೀರು ಬಿಟ್ರೆ ಕೆಸರಾಗಿ ಎತ್ತು ಇಳಿಯಂಗಿಲ್ಲ, ಬೇರು ಕೊಳೀತಾವ, ನೀರು ಬಸಿಯೋಕೆ ದಾರಿ ಇಲ್ಲಾಂದ್ರೆ ಸವಳು (ಉಪ್ಪು) ಎದ್ದು ಹೊಲ ಬೆಳ್ಳಗಾಗ್ತೈತೆ. ಒಳ್ಳೇ ಮಳೆ ವರ್ಷ ರೈತ ದುಡ್ಡು ಕೊಟ್ಟು ನೀರು ತಗಳಂಗಿಲ್ಲ, ಬರದ ವರ್ಷ ಎಲ್ರೂ ಕೇಳ್ತಾರ. ಇಂಗ್ಲಿಷ್ ಎಂಜಿನಿಯರ್ರು ಇದನ್ನ ರೈತನ ಹಠ ಅಂತ ಬರ್ಕೊಂಡ್ರು. ನಾನು ಹೇಳ್ತೀನಿ, ಅದು ಹಠ ಅಲ್ಲ, ತನ್ನ ಮಣ್ಣು ಗೊತ್ತಿದ್ದೋನ ಲೆಕ್ಕ. ನೀರು ಹರಿಸಿದಲ್ಲೆಲ್ಲ ಗೋದಾವರಿ ಮುಖಜ ಭೂಮಿ ಥರ ಭತ್ತ ಬರ್ತೈತೆ ಅಂತ ತಿಳಿದಿದ್ದೇ ತಪ್ಪು.

ಇನ್ನ ಧಾತು ಸಂವತ್ಸರದ ಬರ. 1876ರಾಗ ಎರಡೂ ಮಳೆ ಕೈಕೊಟ್ವು, 78ರ ತನಕ ಎಳೀತು. ಮದ್ರಾಸ್ ಪ್ರಾಂತ್ಯದಾಗ ಅತಿ ಹೆಚ್ಚು ಸತ್ತ ಜಿಲ್ಲೆಗಳಾಗ ನಮ್ದು ಒಂದು, 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನ ಹೆಚ್ಚುಕಮ್ಮಿ ಐದರಲ್ಲೊಂದು ಪಾಲು ಕಡಿಮೆ ಆದ್ರು. ಅಷ್ಟೊತ್ತಿಗೆ ರೈಲು ಬಳ್ಳಾರಿಗೆ ಬಂದಿತ್ತು, ಕಾಳು ರೈಲಿನಾಗ ಬರ್ತಿತ್ತು, ಕೊಳ್ಳೋಕೆ ಜನರ ಹತ್ರ ದುಡ್ಡಿರ್ಲಿಲ್ಲ. ಬರಗಾಲದ ಕಾಮಗಾರಿಯಾಗ ಮಣ್ಣು ಹೊರೋ ಗಂಡಾಳಿಗೆ ಬರ ನೋಡೋಕೆ ಭಾರತ ಸರ್ಕಾರ ಕಳಿಸಿದ್ದ ರಿಚರ್ಡ್ ಟೆಂಪಲ್ 1877ರಾಗ ಗೊತ್ತು ಮಾಡಿದ ಕೂಲಿ ದಿನಕ್ಕ ಒಂದು ಪೌಂಡ್ ಕಾಳಿನ ಬೆಲೆ, ಮೇಲೊಂದು ಆಣೆ. ಒಂದು ಪೌಂಡ್ ಅಂದ್ರೆ ಅರ್ಧ ಕೇಜಿಗೂ ಕಮ್ಮಿ. ಅದನ್ನ ತಿಂದು ದಿನವೆಲ್ಲ ಮಣ್ಣು ಹೊರ್ಬೇಕು. ಮದ್ರಾಸಿನ ಆರೋಗ್ಯ ಅಧಿಕಾರಿ ಕಾರ್ನಿಷ್ ಇದನ್ನ ಬಲವಾಗಿ ವಿರೋಧಿಸಿದ, ಆಮೇಲೆ ಜಾಸ್ತಿ ಮಾಡಿದ್ರು. ಕಾಟನ್ ಆ ಕಡೆ ಇಂಗ್ಲೆಂಡಿನಾಗ ರೈಲಿಗೆ ಸುರಿದ ದುಡ್ಡು ಕಾಲುವೆಗೆ ಹಾಕಿದ್ರೆ ಜನ ಉಳೀತಿದ್ರು ಅಂತ ವಾದ ಮಾಡ್ತಾನೇ ಇದ್ದ. ಅವನ ವಾದದಾಗ ಅರ್ಧ ಸತ್ಯ ಐತೆ ಅನ್ನಿಸ್ತೈತೆ ನನಗ, ಇನ್ನರ್ಧ ಆ ಎರೆ ಭೂಮಿ ಮಾತು.

ಉತ್ತರ: ಲೆವೆಲ್ಲು

ಎಲ್ಲ ಬೈಯೋದೇ ಆತು, ಮಾಡಿದ್ದನ್ನೂ ಹೇಳ್ಬೇಕು. 1852ರಾಗ ಮದ್ರಾಸ್ ಸರ್ಕಾರನೇ ನೇಮಿಸಿದ ಲೋಕೋಪಯೋಗಿ ಆಯೋಗ ಕೆರೆಗಳನ್ನ ನಿರ್ಲಕ್ಷ್ಯ ಮಾಡಿದೀವಿ ಅಂತ ಬಿಚ್ಚಿ ಬರೀತು, ಅದರಿಂದಾನೇ ಪಿಡಬ್ಲ್ಯೂಡಿ ಹುಟ್ಟಿದ್ದು. ಬರ ಮುಗಿದ ಮೇಲೆ 1883ರಿಂದ ಕೆರೆ ಪುನರುದ್ಧಾರ ಯೋಜನೆ ಅಂತ ತಂದು, ಒಂದೊಂದು ಹಳ್ಳದ ಕಣಿವೆ ಹಿಡಿದು ಕೆರೆ ಕೆರೆ ಸರ್ವೆ ಮಾಡಿದ್ರು, ಏರಿ ಎತ್ತರ ಎಷ್ಟು, ಕೋಡಿ ಅಗಲ ಎಷ್ಟು, ತೂಬಿನ ಮಟ್ಟ ಎಷ್ಟು, ಎಷ್ಟು ಎಕ್ರೆ ಅಂತ ಬರೆದಿಟ್ರು. ಸಾಲು ಕೆರೆನ ಒಟ್ಟಿಗೆ ನೋಡ್ಬೇಕು ಅನ್ನೋದು ಒಳ್ಳೇ ಎಂಜಿನಿಯರಿಂಗ್. ಇವತ್ತು ಹೂಳೆತ್ತೋ ಸ್ಕೀಮ್‌ನೋರು ಜೆಸಿಬಿ ತಂದು ನಡುವೆ ಗುಂಡಿ ತೋಡಿ ಹೋಗ್ತಾರ, ಕೋಡಿ ಮಟ್ಟ ಯಾರೂ ನೋಡಂಗಿಲ್ಲ.

ಉತ್ತರ: ಏರಿ ಮೇಲಿನ ಹುಣಸೆ

ಲೆವೆಲ್ಲು ಸರ್, ಸರ್ವೆ ಬಗ್ಗೆ ನಿಮ್ಮ ಮಾತು ಒಪ್ಪಿದೆ. ಆದ್ರೆ ಆ ಯೋಜನೆಯಾಗೂ ಸರ್ಕಾರ ಒಮ್ಮೆ ಸರಿ ಮಾಡಿ ಕೊಡೋದು, ಮುಂದೆ ಸಣ್ಣಪುಟ್ಟ ಕೆಲಸ ಊರಿನೋರು ಮಾಡ್ಕೋಬೇಕು ಅನ್ನೋದೇ ಇತ್ತು, ಊರಿನ ಕೈಗೆ ಆದಾಯ ವಾಪಸ್ ಬರ್ಲಿಲ್ಲ. ಅದರ ಮೇಲೆ 1865ರ ನೀರಾವರಿ ತೆರಿಗೆ ಕಾಯ್ದೆ, ಸರ್ಕಾರಿ ಹೊಳೆ ಕಾಲುವೆ ಕೆರೆ ನೀರು ಮುಟ್ಟಿದ್ರೆ ಬೇರೆ ತೆರಿಗೆ ಅಂತ. ರೈತನ ತಲೆಯಾಗ ಕೆರೆ ನಮ್ದಲ್ಲ, ಸರ್ಕಾರದ್ದು ಅಂತ ಕೂತಿದ್ದು ಆವಾಗ, ಇನ್ನೂ ಹೋಗಿಲ್ಲ.

ಉತ್ತರ: ವೇದಾವತಿ ದಂಡೆ

ಒಂದು ವಿಷಯ ಯಾರೂ ಹೇಳ್ಲಿಲ್ಲ. ನಮ್ಮ ಜಿಲ್ಲೆ ನೀರು ಹರಿಯೋದು ಮೂರ್ನಾಲ್ಕು ಸರ್ಕಾರಗಳ ನಡುವೆ. ಮೇಲೆ ಮೈಸೂರು, ಈ ಕಡೆ ಮದ್ರಾಸು, ಆಚೆ ನಿಜಾಮ, ಹೊಟ್ಟೆಯೊಳಗೆ ಸಂಡೂರು ಸಂಸ್ಥಾನ. ನಾರಿಹಳ್ಳ ಸಂಡೂರಿನಾಗ ಹುಟ್ಟಿ ದರೋಜಿ ಕೆರೆಗೆ ಬರ್ತೈತೆ, ಅಂದ್ರೆ ಹಳ್ಳ ರಾಜಂದು, ಕೆರೆ ಬ್ರಿಟಿಷರದು. 1892ರಾಗ ಮದ್ರಾಸು ಮೈಸೂರಿಂದ ಒಪ್ಪಂದ ಬರೆಸ್ಕೊಂತು, ಪಟ್ಟಿಯಾಗಿರೋ ಹೊಳೆಗಳ ಮೇಲೆ ಮದ್ರಾಸಿನ ಒಪ್ಪಿಗೆ ಮೊದಲೇ ತಗೊಳ್ದೆ ಹೊಸ ನೀರಾವರಿ ಕೆಲಸ ಮಾಡಂಗಿಲ್ಲ ಅಂತ. ಕಾವೇರಿ ಜಗಳದಾಗ ಎಲ್ರೂ ಇದರ ಹೆಸರು ಕೇಳ್ಯಾರ, ಆದ್ರೆ ಅದರ ಪಟ್ಟಿಯಾಗ ತುಂಗಭದ್ರಾ, ವೇದಾವತಿ ಅಂದ್ರೆ ನಮ್ಮ ಹಗರಿನೂ ಅದಾವ. ಆಮೇಲೆ 1898ರಿಂದ 1907ರ ತನಕ ಮೈಸೂರಿನೋರು ಹಿರಿಯೂರು ಹತ್ರ ಮಾರಿಕಣಿವೆ ಡ್ಯಾಮ್ ಕಟ್ಟಿದ್ರು, ಹಿರಿಯೂರಿಗೆ ಜೀವ ಬಂತು, ಕೆಳಗೆ ಹಗರಿ ದಂಡೆ ಊರಿನೋರಿಗೆ ಮರಳು ಉಳೀತು. ದೊಡ್ಡ ಸರ್ಕಾರ ಸಹಿ ಹಾಕಿಸ್ಕೊಂಡ್ರೂ ಹೊಳೆ ದಂಡೆ ರೈತನ ಮಾತು ಆ ಕಾಗದದಾಗ ಇರ್ಲಿಲ್ಲ.

ಉತ್ತರ: ಟೈಲೆಂಡ್ ರೈತ, ಮಾನ್ವಿ ಕಡೆ

ಡ್ಯಾಮಿನ ಮಾತು ಬಂತಲ್ರೀ, ಅದನ್ನ ನಾನು ಹೇಳ್ತೀನಿ, ದಿನಾ ಅದರ ಸಂಕಟ ಉಣ್ಣೋರು ನಾವು.

1901ರಾಗ ಕರ್ಜನ್ ಕಾಲದಾಗ ಸ್ಕಾಟ್ ಮಾಂಕ್ರೀಫ್ ಅನ್ನೋರ ಕೈಯಾಗ ನೀರಾವರಿ ಆಯೋಗ ಬಂತು. ದುಡ್ಡು ವಾಪಸ್ ತರೋ ಕಾಲುವೆ ಒಂದು ಜಾತಿ, ಬರದಿಂದ ಕಾಪಾಡೋ ಕಾಲುವೆ ಇನ್ನೊಂದು ಜಾತಿ ಅಂತ ಆಗಿನ ಲೆಕ್ಕ. ತುಂಗಭದ್ರಾ ಎರಡನೇದು. ಅದಕ್ಕ ದಶಕಗಟ್ಟಲೆ ಕಾಗದದಾಗೇ ಉಳೀತು. ಕಡೀಕ 1944ರ ಜೂನ್‌ನಾಗ ಮದ್ರಾಸು, ಹೈದರಾಬಾದ್ ಒಪ್ಪಂದ ಆತು, ಇಬ್ಬರಿಗೂ 65 ಟಿಎಂಸಿ (ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ ನೀರು). 1945ರ ಫೆಬ್ರವರಿ 28ಕ್ಕ ಅಡಿಗಲ್ಲು, ಈ ದಂಡಿಗೆ ಮದ್ರಾಸ್ ಗವರ್ನರ್ ಆರ್ಥರ್ ಹೋಪ್, ಆ ದಂಡಿಗೆ ನಿಜಾಮನ ಮಗ. ನೀರು ನಿಂತಿದ್ದು 1953ರಾಗ, ಸ್ವಾತಂತ್ರ್ಯ ಬಂದ ಮ್ಯಾಲೆ. ಕಲ್ಲು, ಸುರ್ಕಿ (ಇಟ್ಟಂಗಿ ಪುಡಿ) ಗಾರೆಯಿಂದ ಕಟ್ಟಿದ ಡ್ಯಾಮದು. ವಲ್ಲಭಾಪುರದ ಹಳೇ ಅಣೆಕಟ್ಟು ನೀರಿನಡಿ ಹೋಯ್ತು, ನಾರಾಯಣದೇವರಕೆರೆಯಂಥ ಊರೇ ಮುಳುಗಿ ಜನ ಮರಿಯಮ್ಮನಹಳ್ಳಿಗೆ ಬಂದ್ರು. ರಾಯ, ಬಸವಣ್ಣ ಕಾಲುವಿಗೆ ಈಗ ಡ್ಯಾಮಿನಿಂದಾನೇ ನೀರು.

ನಮಗ ಬಿದ್ದ ಪೆಟ್ಟು ಎಲ್ಲೈತಿ ಅಂದ್ರ, ಬರದಿಂದ ಕಾಪಾಡಬೇಕು ಅನ್ನೋ ಲೆಕ್ಕದಾಗ ನೀರನ್ನ ತೆಳ್ಳಗ ಬಹಳ ಎಕ್ರೆಗೆ ಹಂಚ್ಯಾರ, ಯಾವ ಹೊಲಕ್ಕ ಭತ್ತ, ಯಾವುದಕ್ಕ ಜೋಳ, ಹತ್ತಿ ಅಂತ ಲೋಕಲೈಸೇಷನ್ ಮಾಡ್ಯಾರ. ಆದ್ರ ತೂಬಿನ ಹತ್ರ ಇರೋರು ನೀರು ಕಣ್ಣಿಗೆ ಕಂಡ್ಮ್ಯಾಲೆ ಜೋಳ ಹಾಕ್ತಾರೇನ್ರೀ? ಗಂಗಾವತಿ, ಸಿಂಧನೂರು ಭತ್ತದ ಕಣಜ ಆತು, ಜೊತಿಗೆ ಸವಳೂ ಎದ್ದಿತು, ಎಡದಂಡೆ ಕಾಲುವಿ ಬಾಲದಾಗ ಇರೋ ನಾವು ನೀರು ಬಿಡೋ ಸೌಡಿಗೆ ಫೋನ್ ಮಾಡ್ಕೋತ ಕೂಡ್ತೀವಿ. ರಾತ್ರಿ ಗೇಜ್ ನೋಡಾಕ ಹೋದ್ರ ಮ್ಯಾಲಿನವ್ರು ಕಾಲುವಿಗೆ ಪೈಪ್ ಹಾಕಿ ಎಳಕೊಂಡಿರ್ತಾರ. ಮ್ಯಾಲೆ ಡ್ಯಾಮಿನಾಗ ಹೂಳು, ಕಟ್ಟಿದಾಗ 130 ಟಿಎಂಸಿ ಮ್ಯಾಲಿದ್ದದ್ದು ಈಗ ಹತ್ತಿರ ಹತ್ತಿರ 105. 2024ರ ಆಗಸ್ಟ್‌ನಾಗ 19ನೇ ಗೇಟ್ ಕಿತ್ಕೊಂಡು ಹೋದಾಗ ನಮ್ಮ ಊರಾಗ ಯಾರೂ ನಿದ್ದಿ ಮಾಡಿಲ್ಲ. ಪ್ಲ್ಯಾನ್ ಬ್ರಿಟಿಷರದು ಅಂತ ಖುಷಿ ಪಡೋರು ಆ ಪ್ಲ್ಯಾನಿನೊಳಗಿನ ಹಂಚಿಕಿ ಲೆಕ್ಕಾನೂ ನೋಡ್ಬೇಕು.

ಮರು ಪ್ರಶ್ನೆ: ಕುಡತಿನಿ ಹುಡುಗ

ಎಲ್ಲಾ ಅಣ್ಣಂದಿರಿಗೂ ಶರಣು. ಇದನ್ನೆಲ್ಲ ಗ್ರೂಪ್‌ಗೆ ಹಾಕ್ತೀನಿ. ಒಂದೇ ಒಂದು ಉಳೀತು, ನಮ್ಮೂರ ಕೆರೆಗೆ ದಸವಂದ ಇತ್ತಾ ಇಲ್ವಾ ಅಂತ ತಿಳಿಯೋಕೆ ದಾರಿ ಐತಾ?

ಉತ್ತರ: ಏರಿ ಮೇಲಿನ ಹುಣಸೆ

ಐತೆ. ಇನಾಂ ಕಮಿಷನ್‌ನೋರು ಆಗ ಬರೆದ ಇನಾಂ ಫೇರ್ ರಿಜಿಸ್ಟರ್ ಅಂತ ಇರ್ತಾವ, ಊರಿನ ಹೆಸರಿನ ಮೇಲೆ ಕೇಳ್ಬೇಕು. ಅದ್ರಾಗ ಯಾರಿಗೆ, ಎಷ್ಟು ಎಕ್ರೆ, ಯಾವ ಚಾಕರಿಗೆ, ಯಾವ ಷರತ್ತಿಗೆ ಕೊಟ್ಟಿದ್ದು ಅಂತ ಇರ್ತೈತೆ, ಕೆರೆ ರಿಪೇರಿ ಷರತ್ತು ಇದ್ರೆ ಅದನ್ನೂ ಬರೆದಿರ್ತಾರ. ಅರ್ಜಿ ಕೊಡೋವಾಗ ಬರೀ ಕೆರೆ ಅಂತ ಬರೀಬ್ಯಾಡ, ಊರು, ಹಳೇ ತಾಲೂಕು, ಕೆರೆ ಸರ್ವೆ ನಂಬರ್ ಮೂರೂ ಬರಿ. ಜೊತಿಗೆ ಊರಿನ ಹಳೇ ನಕಾಶೆ ಒಂದು ಕಾಪಿ ತಗೋ, ಅದ್ರಾಗ ಕೆರೆಗೆ ಬರೋ ಹಳ್ಳ, ಕಾಲುವೆ ಗೆರೆ ಹಾಕಿರ್ತಾರ, ಈಗ ಆ ಗೆರೆ ಮೇಲೆ ಯಾವ ಹೊಲ, ಯಾವ ರೋಡು ಬಂದೈತೆ ಅಂತ ನಡೆದು ನೋಡಿ ಗುರ್ತು ಮಾಡ್ಕೋ. ಹೂಳೆತ್ತೋಕೆ ಪಂಚಾಯ್ತಿಗೆ ಅರ್ಜಿ ಹಾಕೋದು ಅದಾದ ಮೇಲೆ ಇರ್ಲಿ, ನೀರಿನ ದಾರಿ ಬಿಡಿಸ್ದೆ ಹೂಳು ತೆಗೆದ್ರೆ ಮತ್ತೆ ಜಾಲಿನೇ ಬೆಳೀತೈತೆ.